ಪದಕವೂ ನೇಣುಗಂಬವೂ

1837ನೆಯ ಇಸವಿಯ ದಂಗೆಯನ್ನು ಅಡಗಿಸಲು ನೆರವಾದ ಕೊಡಗರಿಗೆ ಈಸ್ಟ್ ಇಂಡಿಯಾ ಕಂಪೆನಿಯು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹಂಚಿತು. ಅದರ ಒಂದು ಮಗ್ಗುಲಲ್ಲಿ ಕತ್ತಿ ಎತ್ತಿ ನಿಂತ ಕೊಡಗಿನ ಯೋಧನ ಚಿತ್ರ, ಸುತ್ತಲೂ ಕನ್ನಡದ ಅಕ್ಷರಗಳು. ಇನ್ನೊಂದು ಮಗ್ಗುಲಲ್ಲಿ ರಾಜನಿಷ್ಠೆಯನ್ನು ಹೊಗಳುವ ಇಂಗ್ಲಿಷ್ ಬರವಣಿಗೆ. ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಮುಂದೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ಅಪ್ಪಯ್ಯ ಗೌಡರು ಕೊಡಗಿನ ರಾಜನ ಸುಬೇದಾರರು. ದಂಗೆಯನ್ನು ಮುರಿದ ಪಕ್ಷದ ಮುಂದಾಳುಗಳಾದ ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಇವರೂ ಅದೇ ರಾಜನ ದಿವಾನರೇ. ಒಂದೇ ಅರಮನೆಯ ಊಳಿಗದವರು ಮೂರೇ ವರ್ಷಗಳಲ್ಲಿ ಹೀಗೆ ಎರಡು ಪಾಳೆಯವಾದದ್ದು ಹೇಗೆ? ಆ ವರ್ಷದ ಕಥೆಯನ್ನು ಕೇವಲ ಇಂಗ್ಲಿಷರಿಗೂ ನಮ್ಮವರಿಗೂ ನಡೆದ ಕಾಳಗವೆಂದು ಹೇಳಿ ಮುಗಿಸುವವರು ಈ ಪ್ರಶ್ನೆಯ ತಂಟೆಗೆ ಹೋಗುವುದಿಲ್ಲ.

1834ರ ಏಪ್ರಿಲ್ ತಿಂಗಳಲ್ಲಿ ಚಿಕ್ಕವೀರರಾಜೇಂದ್ರನು ಶರಣಾದ. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ವಶವಾಯಿತು. ಘಟ್ಟದ ಮೇಲಿನ ನಾಡುಗಳಲ್ಲಿ ಬದುಕು ತೀರ ಬುಡಮೇಲಾಗಲಿಲ್ಲ. ಕೊಡವರ ಜಮ್ಮಾ ಭೂಮಿಗಳು ಹಗುರ ಕಂದಾಯದ ಹಳೆಯ ಪದ್ಧತಿಯಲ್ಲೇ ಉಳಿದವು. ದೊರೆಯ ಕ್ರೌರ್ಯದಿಂದ ಬೇಸತ್ತಿದ್ದವರಿಗೆ ಅಷ್ಟೇ ಸಾಕಾಗಿತ್ತು. ಆದರೆ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿದರು. ಅಲ್ಲಿನ ರೈತನು ರಾಜನಿಗೆ ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲಿಸುತ್ತಿದ್ದವನು. ಈಗ ರೊಕ್ಕವೇ ಆಗಬೇಕೆಂಬ ಹುಕುಂ ಬಂತು. ಕಣಜದಲ್ಲಿ ಬತ್ತವಿದ್ದರೂ ಕೈಯಲ್ಲಿ ಕಾಸಿಲ್ಲದವನು ಏನು ಮಾಡಿಯಾನು? ಸುಗ್ಗಿಯ ಹೊತ್ತಿಗೆ ಸಾಹುಕಾರ ಹೇಳಿದ ಧಾರಣೆಗೆ ಮಾರಬೇಕು, ಇಲ್ಲವೆ ಸಾಲ ಎತ್ತಬೇಕು. ಕಂದಾಯದ ಮೊತ್ತಕ್ಕಿಂತ ಅದನ್ನು ಕೇಳುವ ರೀತಿಯೇ ಮನುಷ್ಯನನ್ನು ಹೆಚ್ಚು ಕೆರಳಿಸುತ್ತದೆ ಎಂಬುದನ್ನು ಕಚೇರಿಗಳು ಯಾವ ಕಾಲದಲ್ಲೂ ಅರಿತಂತಿಲ್ಲ.

ಆಸೆ ಹಳೆಯ ಅರಮನೆಯ ಕಡೆಗೇ ತಿರುಗಿತು. ಅರಮನೆಯಲ್ಲಿ ಯಾರಿದ್ದರು? ಚಿಕ್ಕವೀರರಾಜನು ತನ್ನ ಬಂಧುಗಳಲ್ಲಿ ಅನೇಕರನ್ನು ಕೊಲ್ಲಿಸಿದ್ದ. ವಾರಸುದಾರರೇ ಇಲ್ಲದ ಸಿಂಹಾಸನಕ್ಕೆ ಕಾವಿ ತೊಟ್ಟ ಯಾವ ಸ್ವಾಮಿ ಬಂದರೂ ರಾಜಕುಮಾರನೇ! ಮೊದಲು ಅಪರಂಪಾರ, ಅನಂತರ ಕಲ್ಯಾಣಸ್ವಾಮಿ. ಅವರಿಬ್ಬರನ್ನೂ ಸರ್ಕಾರ ಸೆರೆಹಿಡಿಯಿತು. ಆಮೇಲೆ ಪುಟ್ಟಬಸಪ್ಪನೆಂಬ ರೈತನೇ ಕಲ್ಯಾಣಸ್ವಾಮಿಯ ಹೆಸರು ಹೊತ್ತು ನಿಂತ. ಅವನು ನಿಜವಾದ ರಾಜವಂಶದವನಲ್ಲವೆಂದು ಕೆದಂಬಾಡಿ ರಾಮಯ್ಯ ಗೌಡರಂಥವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಗೊತ್ತಿದ್ದೂ ಆ ಹೆಸರು ಬೇಕಾಗಿತ್ತು.

ಮಾರ್ಚ್ ಕೊನೆಯಲ್ಲಿ ದಂಗೆ ಎದ್ದಿತು. ಜನರ ದ್ವೇಷಕ್ಕೆ ಗುರಿಯಾಗಿದ್ದ ಅಟ್ಲೂರು ರಾಮಪ್ಪಯ್ಯನೆಂಬ ಸರ್ಕಾರಿ ಅಧಿಕಾರಿ ಕೊಲೆಯಾದ. ಬೆಳ್ಳಾರೆಯ ಖಜಾನೆ ಬಂಡುಗಾರರ ಕೈಸೇರಿತು. ಏಪ್ರಿಲ್ 5ರಂದು ಅವರು ಮಂಗಳೂರನ್ನೇ ಹೊಕ್ಕರು. ಅವರು ಬಾವುಟ ಹಾರಿಸಿದ ಗುಡ್ಡ ಇಂದಿಗೂ ಬಾವುಟಗುಡ್ಡೆಯೇ. ಹದಿಮೂರು ದಿನ ಆ ಬಾವುಟ ಹಾರಿತೆಂದು ಜನ ಹೇಳುತ್ತಾರೆ. ಬಳಿಕ ಕಣ್ಣಾನೂರಿನಿಂದ ಸಮುದ್ರದ ದಾರಿಯಲ್ಲಿ ಪಡೆ ಬಂತು. ಘಟ್ಟದ ಮೇಲಿನಿಂದ ದಿವಾನರ ಕೊಡಗರೂ ಇಳಿದರು. ಪುಟ್ಟಬಸಪ್ಪ, ಬಂಗರಸ ಲಕ್ಷ್ಮಪ್ಪ ಮೊದಲಾದವರಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಾಯಿತು.

ಘಟ್ಟದ ಮೇಲಿನವರೆಲ್ಲ ಕಂಪೆನಿಯ ಕಡೆ, ಕೆಳಗಿನವರೆಲ್ಲ ಬಂಡಾಯದ ಕಡೆ ಎಂದು ಗೆರೆ ಎಳೆಯುವಂತೆಯೂ ಇಲ್ಲ. ಅಪ್ಪಯ್ಯ ಗೌಡರಿಗೆ ಮಡಿಕೇರಿಯ ಕೋಟೆಯೇ ಗುರಿಯಾಗಿತ್ತು. ಅರೆಭಾಷೆ ಗೌಡರ ಬಳಗ ಸುಳ್ಯದಲ್ಲೂ ಇತ್ತು, ಕೊಡಗಿನಲ್ಲೂ ಇತ್ತು. ಮೂರನೆಯ ದಿವಾನ ಲಕ್ಷ್ಮೀನಾರಾಯಣನಂತೂ ಸರ್ಕಾರದ ಹುದ್ದೆಯಲ್ಲಿದ್ದುಕೊಂಡೇ ಬಂಡುಗಾರರೊಂದಿಗೆ ಸಂಬಂಧವಿಟ್ಟುಕೊಂಡನೆಂಬ ಗುಮಾನಿಗೆ ಸಿಕ್ಕಿ ಬಂಧನಕ್ಕೊಳಗಾದ. ಬೋಪು, ಪೊನ್ನಪ್ಪರನ್ನು ದ್ರೋಹಿಗಳೆಂದು ಇಂದು ಕರೆಯುವುದು ಸುಲಭ. ಆದರೆ ಬಂಡುಗಾರರು ಮರಳಿ ತರಲು ಹೊರಟದ್ದು ಅರಸೊತ್ತಿಗೆಯನ್ನೇ. ಅದರ ಕಡೆಯ ವರ್ಷಗಳನ್ನು ಹತ್ತಿರದಿಂದ ಕಂಡ ಈ ಇಬ್ಬರಿಗೆ ಅದು ಬೇಡವಾಗಿದ್ದರೆ ಆಶ್ಚರ್ಯವೇನು?

ಗೆದ್ದವರ ಹೆಸರೇ ಬಹುಕಾಲ ನಿಂತಿತು. ದಂಗೆಗೆ 'ಕಲ್ಯಾಣಪ್ಪನ ಕಾಟಕಾಯಿ', ಎಂದರೆ ಸುಲಿಗೆ, ಎಂಬ ಮಾತು ಅಂಟಿತು. ಮುಂದೆ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಪಾದ್ರಿಯು 1855ರಲ್ಲಿ ಅಚ್ಚಾದ ತನ್ನ ಕೊಡಗಿನ ವೃತ್ತಾಂತದಲ್ಲಿ ಈ ಕಥೆಯನ್ನು ಬರೆದ. ಅವನ ಒಲವು ಕಂಪೆನಿಯ ಕಡೆಗೇ. ಅದನ್ನು ತಿರುವಿಹಾಕಲು ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿಯೂ ಸುಳ್ಯ ಸೀಮೆಯ ಸಂಶೋಧಕರ ದುಡಿಮೆಯೂ ಬೇಕಾದವು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ವಿಗ್ರಹ ನಿಂತಿದೆ. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯ ಮೇಲೆ ರಾಮಯ್ಯ ಗೌಡರ ಕಂಚಿನ ವಿಗ್ರಹವೂ ಅನಾವರಣಗೊಂಡಿತು. ಕೊಡಗಿನಿಂದ ಕಿತ್ತ ಸುಳ್ಯವಂತೂ ಮರಳಿ ಕೊಡಗಿಗೆ ಸೇರಲಿಲ್ಲ. ಇಂದಿಗೂ ಅದು ದಕ್ಷಿಣ ಕನ್ನಡದ ತಾಲ್ಲೂಕು.