ಸಂಜೆಯ ತೇರ್ಸು, ಹೊಸಕ್ಕಿಯ ಊಟ

ಕರಾವಳಿಯ ಕ್ಯಾಥೊಲಿಕರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಗರ್ಜಿಗಳಿಂದ ಶುರು ಮಾಡುತ್ತಾರೆ. ಯಾವ ಇಗರ್ಜಿ ಯಾವ ವರ್ಷ ಎದ್ದಿತು, ಯಾವ ಸಭೆಯ ಪಾದ್ರಿಗಳು ಯಾವಾಗ ಬಂದರು, ಬಿಷಪರ ನೇಮಕ ಎಂದಾಯಿತು ಎಂಬ ವಿವರಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಅವು ಬೇಕಾದ ವಿವರಗಳೇ. ಆದರೆ ಅವುಗಳನ್ನಷ್ಟೇ ಹಿಡಿದು ಹೊರಟರೆ 1784ರಿಂದ 1799ರವರೆಗಿನ ಹದಿನೈದು ವರ್ಷಗಳ ಬಳಿ ಬಂದಾಗ ದಾರಿ ಕಡಿದುಹೋಗುತ್ತದೆ. ಆ ಅವಧಿಯಲ್ಲಿ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದ ಈ ಜನಕ್ಕೆ ಇಗರ್ಜಿ ಇರಲಿಲ್ಲ, ಪಾದ್ರಿ ಇರಲಿಲ್ಲ, ಊರೂ ಇರಲಿಲ್ಲ. ಆದರೂ 1799ರ ನಂತರ ಅವರು ಕ್ರೈಸ್ತರಾಗಿಯೇ ಮರಳಿದರು. ಇದು ಸಾಧ್ಯವಾದದ್ದು ಇಗರ್ಜಿಯ ಗೋಡೆಯೊಳಗಿನ ಧರ್ಮದಿಂದ ಎನ್ನುವುದಕ್ಕಿಂತ ಮನೆಯ ದಿನಚರಿಯೊಳಗೆ ಇಳಿದಿದ್ದ ಧರ್ಮದಿಂದ ಎಂಬುದು ನನ್ನ ವಾದ.

ಈ ಮನೆಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡಬೇಕು. ಹದಿನಾರನೆಯ ಶತಮಾನದಿಂದ ಹದಿನೆಂಟರವರೆಗೆ ಗೋವೆಯಿಂದ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳು ಅಲೆಅಲೆಯಾಗಿ ದಕ್ಷಿಣಕ್ಕೆ ಇಳಿದವು. ಬರಗಾಲ, ತೆರಿಗೆ, ಮರಾಠರ ದಾಳಿ, 1560ರಲ್ಲಿ ಶುರುವಾದ ಮತವಿಚಾರಣೆಯ ನ್ಯಾಯಾಲಯವಾದ ಇನ್‌ಕ್ವಿಸಿಷನ್‌ನ ಭಯ, ಹೀಗೆ ಕಾರಣಗಳು ಹಲವು. ಕೆಳದಿ ಅರಸರ ಸೀಮೆಯಲ್ಲಿ ಅವರಿಗೆ ಬೇಸಾಯಕ್ಕೆ ಭೂಮಿ ಸಿಕ್ಕಿತು. ಗೋವೆಯಲ್ಲಿ ಮನೆಯೊಳಗಿನ ಬದುಕಿನ ಮೇಲೂ ಪೋರ್ಚುಗೀಸ್ ಸರ್ಕಾರ ನಿಗಾ ಇಡುತ್ತಿತ್ತು. 1684ರಲ್ಲಿ ಅಲ್ಲಿನ ವೈಸ್‌ರಾಯ್ ಕೊಂಕಣಿ ಬಿಟ್ಟು ಪೋರ್ಚುಗೀಸ್ ಹಿಡಿಯಬೇಕೆಂದು ಆಜ್ಞೆ ಮಾಡಿದ. 1736ರಲ್ಲಿ ಇನ್‌ಕ್ವಿಸಿಷನ್ ಮದುವೆ ಮುಂತಾದ ಸಂದರ್ಭಗಳ ಎಷ್ಟೋ ಹಳೆಯ ಪದ್ಧತಿಗಳನ್ನು ನಿಷೇಧಿಸಿತು. ಕೆನರಾ ಎನಿಸಿಕೊಂಡ ಈ ಕರಾವಳಿಯಲ್ಲಿ ಆ ಆಜ್ಞೆಗಳ ಕೈ ಮನೆಯ ಹೊಸ್ತಿಲವರೆಗೆ ತಲುಪಲಿಲ್ಲ. ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ತೆಂಗಿನ ಹಾಲು ಹಚ್ಚುವ ರೋಸ್, ಆಗ ಹೆಂಗಸರು ಹಾಡುವ ವೋವಿಯೊ, ದೇವರ ಮುಂದೆ ಮನೆಮಾತಿನ ಪ್ರಾರ್ಥನೆ ಇಲ್ಲಿ ಮುಂದುವರಿದವು. ಹೀಗಾಗಿ ಇಲ್ಲಿನ ಕ್ರೈಸ್ತ ಬದುಕು ಮೊದಲಿನಿಂದಲೂ ಅಧಿಕಾರಿಗಳ ಕಣ್ಣಿಗಿಂತ ಮನೆಯ ಹಿರಿಯರ ನೆನಪಿಗೆ ಹೆಚ್ಚು ಕಟ್ಟುಬಿದ್ದಿತ್ತು.

ಪಾದ್ರಿಗಳ ಆಸರೆಯಂತೂ ಆ ಕಾಲದಲ್ಲಿ ಅಷ್ಟೊಂದು ಗಟ್ಟಿಯಾಗಿರಲಿಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಗೋವೆಯ ಆರ್ಚ್‌ಬಿಷಪರ ಅಧಿಕಾರ ಒಂದು ಕಡೆ, ರೋಮ್ ನೇರವಾಗಿ ಕಳಿಸಿದ ಬಿಷಪ್ ತೊಮಾಸ್ ದೆ ಕಾಸ್ತ್ರೊ ಅವರ ಅಧಿಕಾರ ಇನ್ನೊಂದು ಕಡೆ ಎಳೆದಾಡುತ್ತಿದ್ದವು. ಯಾರು ಕೊಟ್ಟ ಸಂಸ್ಕಾರ ಸಿಂಧು ಎಂಬ ಗೊಂದಲದಲ್ಲಿ ಜನ ಸಿಕ್ಕಿಬಿದ್ದಿದ್ದರು. ಈ ಜಗಳದ ನಡುವೆ 1681ರಲ್ಲಿ ಗೋವೆಯ ಯುವ ಪಾದ್ರಿ ಜೋಸೆಫ್ ವಾಜ್ ಕೆನರಾಕ್ಕೆ ಬಂದು 1684ರವರೆಗೆ ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರಗಳಲ್ಲಿ ಓಡಾಡಿದರು. ಮುಂದೆ 1687ರಲ್ಲಿ ಅವರು ವೇಷ ಮರೆಸಿಕೊಂಡು ಲಂಕೆಗೆ ಹೋದರು. ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ಹೊರಹಾಕಿದ್ದ ಆ ದ್ವೀಪದಲ್ಲಿ ಅವರ ಕೆಲಸ ನಿಂತದ್ದು ಊರೂರಿನ ಗೃಹಸ್ಥರ ಮೇಲೆ. ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು ಅಣ್ಣಾವಿ. ಊರಿನ ಕ್ರೈಸ್ತರ ವ್ಯವಹಾರ ನೋಡಿಕೊಳ್ಳಲು ಮೂಪ್ಪ. ಪಾದ್ರಿ ವರ್ಷಕ್ಕೊಮ್ಮೆ ಬಂದರೂ ಧರ್ಮ ದಿನವೂ ನಡೆಯುವಂಥ ಏರ್ಪಾಡು ಅದು. ಕೆನರಾದಲ್ಲಿ ಇದೇ ಬಗೆಯ ಹೊಣೆ ಹೊತ್ತವನು ಗುರ್ಕಾರ. ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿ, ಒಂದೊಂದು ವಾಡೊಗೆ ಒಬ್ಬ ಗೃಹಸ್ಥನನ್ನು ಮುಂದಾಳಾಗಿ ಇಡುವ ಪದ್ಧತಿ ಇಂದಿಗೂ ಇದೆ. ರೋಗಿ ಇದ್ದರೆ ಪಾದ್ರಿಗೆ ಸುದ್ದಿ ಮುಟ್ಟಿಸುವುದು, ಸತ್ತವರ ಮನೆಯಲ್ಲಿ ನಿಂತು ಪ್ರಾರ್ಥನೆ ಹೇಳಿಸುವುದು, ನೆರೆಹೊರೆಯ ಜಗಳ ಬಗೆಹರಿಸುವುದು ಅವನ ಪಾಲಿನ ಕೆಲಸ. ಅವನಿಗೆ ದೀಕ್ಷೆಯಿಲ್ಲ, ಸಂಬಳವಿಲ್ಲ.

1784ರಲ್ಲಿ ಪರೀಕ್ಷೆ ಬಂತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 30,000ದಿಂದ 80,000ದವರೆಗೆ ಬೇರೆಬೇರೆ ಲೆಕ್ಕಗಳಿವೆ. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ಈಗ ಕ್ಯಾಥೊಲಿಕ್ ಧರ್ಮದ ಒಳಕಟ್ಟನ್ನು ಸ್ವಲ್ಪ ಗಮನಿಸಬೇಕು. ಏಳು ಸಂಸ್ಕಾರಗಳಲ್ಲಿ ಬಲಿಪೂಜೆಯ ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ ಇವಕ್ಕೆ ಪಾದ್ರಿ ಬೇಕೇ ಬೇಕು. ಗುರುದೀಕ್ಷೆಗೆ ಬಿಷಪರೇ ಬೇಕು, ದೃಢೀಕರಣಕ್ಕೂ ಸಾಮಾನ್ಯವಾಗಿ ಅವರೇ. ದೀಕ್ಷಾಸ್ನಾನವನ್ನಾದರೋ ತುರ್ತಿನಲ್ಲಿ ಯಾರು ಬೇಕಾದರೂ ನೀರು ಸುರಿದು, ಮಂತ್ರ ಹೇಳಿ ಕೊಡಬಹುದು. ಮದುವೆಯಲ್ಲಿ ಆ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರು ವಧೂವರರೇ ಎಂಬುದು ಲ್ಯಾಟಿನ್ ಸಭೆಯ ಬೋಧನೆ. ಅಂದರೆ ಪಾದ್ರಿಯನ್ನು ಕಿತ್ತುಕೊಂಡ ಮೇಲೂ ಉಳಿಯುವುದು ಹುಟ್ಟು, ಮದುವೆ ಮತ್ತು ದಿನದ ಪ್ರಾರ್ಥನೆ. ಮೂರೂ ಮನೆಯೊಳಗಿನವು. ಜಪಾನಿನಲ್ಲಿ 1614ರ ನಿಷೇಧದ ನಂತರ 1865ರಲ್ಲಿ ನಾಗಸಾಕಿಯ ಪಾದ್ರಿಯೊಬ್ಬರ ಮುಂದೆ ಗುಟ್ಟಿನ ಕ್ರೈಸ್ತರು ಕಾಣಿಸಿಕೊಳ್ಳುವವರೆಗೂ ನಡೆದದ್ದು ಹೀಗೆಯೇ. ಅಲ್ಲಿ ದೀಕ್ಷಾಸ್ನಾನ ಕೊಡುವವನೊಬ್ಬ, ಹಬ್ಬದ ದಿನಗಳ ಲೆಕ್ಕ ಇಡುವವನೊಬ್ಬ, ಇಬ್ಬರೂ ಹಳ್ಳಿಯ ಗೃಹಸ್ಥರು.

ಕೆನರಾದ ಮನೆಯ ಪ್ರಾರ್ಥನೆ ಎಂದರೆ ತೇರ್ಸು, ಅಂದರೆ ಜಪಮಾಲೆ. ಕತ್ತಲಾದ ಮೇಲೆ ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ ಮುಂದೆ ದೀಪ ಹಚ್ಚಿ ಮನೆಯವರೆಲ್ಲ ಮೊಣಕಾಲೂರುತ್ತಾರೆ. ಒಬ್ಬರು ಅರ್ಧ ಹೇಳುತ್ತಾರೆ, ಉಳಿದವರು ಮಿಕ್ಕರ್ಧ ಹೇಳಿ ಮುಗಿಸುತ್ತಾರೆ. ಹತ್ತು ಮಣಿಗೊಂದು ರಹಸ್ಯ, ಐದು ರಹಸ್ಯಗಳಿಗೆ ಒಂದು ಜಪಮಾಲೆ. ಕೊನೆಗೆ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಒಂದು ಪ್ರಾರ್ಥನೆ. ಮುಗಿದ ಕೂಡಲೇ ಮಕ್ಕಳು ಕೈಮುಗಿದು ಹಿರಿಯರ ಬಳಿ ಒಬ್ಬೊಬ್ಬರಾಗಿ ಬಂದು ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಾರೆ. ಇದಕ್ಕೆ ಪುಸ್ತಕ ಬೇಡ, ಅಕ್ಷರವೂ ಬೇಡ. ಮಾತು ಬರುವ ಮಗು ಎರಡನೆಯ ಅರ್ಧವನ್ನು ಕೇಳಿ ಕೇಳಿಯೇ ಕಲಿಯುತ್ತದೆ; ದೊಡ್ಡದಾದಾಗ ಮೊದಲರ್ಧವನ್ನೂ ಹೇಳಬಲ್ಲದು. ಕಲಿಸುವುದೂ ಪ್ರಾರ್ಥಿಸುವುದೂ ಒಂದೇ ಕ್ರಿಯೆಯಾಗಿರುವ ಇಂಥ ಏರ್ಪಾಡನ್ನು ಸೆರೆಯಲ್ಲೂ ಪಿಸುಮಾತಿನಲ್ಲಿ ನಡೆಸಬಹುದು. ಓದುಬಲ್ಲವರ ಮನೆಗಳ ಬಗ್ಗೆ ಇನ್ನೊಂದು ಸಾಕ್ಷಿ ಇದೆ. ಇಂಗ್ಲಿಷ್ ಜೆಸ್ವಿಟ್ ತೋಮಸ್ ಸ್ಟೀಫನ್ಸ್ ಮರಾಠಿ-ಕೊಂಕಣಿಯಲ್ಲಿ ಓವಿಗಳಾಗಿ ಬರೆದ ಕ್ರಿಸ್ತಪುರಾಣ 1616ರಲ್ಲಿ ಗೋವೆಯಲ್ಲಿ ಅಚ್ಚಾಯಿತು, ಆ ಶತಮಾನದಲ್ಲೇ ಇನ್ನೆರಡು ಸಲ ಮುದ್ರಣ ಕಂಡಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಉಳಿಯಲಿಲ್ಲ. 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ಮತ್ತೆ ಅಚ್ಚು ಹಾಕಿಸಲು ಸಾಧ್ಯವಾದದ್ದು ಕೈಬರಹದ ಪ್ರತಿಗಳಿಂದ. ಸುಮಾರು 11,000 ಓವಿಗಳನ್ನು ಯಾರೋ ಕುಳಿತು ನಕಲು ಮಾಡಿದ್ದರು, ಅದನ್ನು ಬೇರೆಯವರು ಜೋಪಾನ ಮಾಡಿದ್ದರು. ಅಚ್ಚಿನ ಪುಸ್ತಕ ಕಳೆದುಹೋಗಿ ನಕಲು ಉಳಿದದ್ದು, ಓದಿ ಹಾಡುವವರಿಗೆ ಆ ಕಾವ್ಯ ಬೇಕಾಗಿತ್ತು ಎಂಬುದಕ್ಕೆ ಗುರುತು.

ಮನೆಯಲ್ಲಿ ನಂಬಿಕೆ ಉಳಿಯಿತು ಎಂಬ ಈ ವಾದಕ್ಕೆ ಬಲವಾದ ಆಕ್ಷೇಪ ಸಿಗುವುದು ಕ್ಯಾಥೊಲಿಕ್ ಪಾದ್ರಿಯೊಬ್ಬರಿಂದಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಕಟುವಾಗಿ ಬರೆದಿದ್ದಾರೆ: ಇಷ್ಟು ಸಾವಿರ ಜನರಲ್ಲಿ ಒಬ್ಬನೂ ಧರ್ಮಕ್ಕಾಗಿ ಸಾಯುವ ಧೈರ್ಯ ತೋರಲಿಲ್ಲ, ಬಲವಂತಕ್ಕೆ ಎಲ್ಲರೂ ತಲೆಬಾಗಿದರು. ದುಬುವಾ ಭಾರತಕ್ಕೆ ಬಂದದ್ದೇ 1792ರಲ್ಲಿ, ಕಣ್ಣಾರೆ ಕಂಡವರಲ್ಲ ಎಂದು ಹೇಳಿ ಇದನ್ನು ತಳ್ಳಿಹಾಕಬಹುದು. ಹಾಗೆ ಮಾಡುವುದು ಸರಿಯಲ್ಲ. ಸೆರೆಯಲ್ಲಿ ಬಹಳಷ್ಟು ಜನ ಮತ ಬಿಟ್ಟದ್ದು ನಿಜ, ಹಸಿವಿನಿಂದ, ರೋಗದಿಂದ, ಹಿಂಸೆಯಿಂದ ಸತ್ತವರೂ ಅಸಂಖ್ಯ. ಮರಳಿ ಬಂದವರು ಹೋದವರಲ್ಲಿ ಒಂದು ಪಾಲು ಮಾತ್ರ. ಆದರೆ ದುಬುವಾ ಅದೇ ಬರಹದಲ್ಲಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾರೆ. ಟಿಪ್ಪು ಮಡಿದ ಮೇಲೆ ಹಾಗೆ ಮತ ಬಿಟ್ಟವರು ತಾವಾಗಿ ಬಂದು ಸಭೆಗೆ ಮರಳಿ ಸೇರಿಸಿಕೊಳ್ಳಿರೆಂದು ಕೇಳಿಕೊಂಡರು. ತಮ್ಮದು ಹೊರಗಿನ ತೋರಿಕೆ ಮಾತ್ರ, ಒಳಗೆ ಕ್ರಿಸ್ತನಲ್ಲಿ ನಂಬಿಕೆ ಉಳಿದೇ ಇತ್ತು ಎಂದರು. ಒಬ್ಬ ದುಬುವಾ ಅವರ ಬಳಿಗೇ ಹೀಗೆ ಸುಮಾರು 2,000 ಜನ ಬಂದರಂತೆ. ಬೀದಿಯಲ್ಲಿ ನಿಂತು ಸಾಯುವುದೊಂದೇ ನಂಬಿಕೆಯ ಅಳತೆಯಾದರೆ ಇವರು ಸೋತವರು. ಹೆಂಡತಿ ಮಕ್ಕಳೊಡನೆ ಹದಿನೈದು ವರ್ಷ ಬದುಕಿ, ಯಾರ ಒತ್ತಾಯವೂ ಇಲ್ಲದೆ ಪಾದ್ರಿಯ ಬಾಗಿಲು ತಟ್ಟಿದ ಈ ಜನಕ್ಕೆ ಆ ಅಳತೆ ನ್ಯಾಯ ಒದಗಿಸುವುದಿಲ್ಲ ಎಂದೇ ನಾನು ತಿಳಿಯುತ್ತೇನೆ. 1784ರಲ್ಲಿ ಹುಟ್ಟಿದ ಕೂಸು 1799ಕ್ಕೆ ಹದಿನೈದರ ಹರೆಯ. ಅದು ಇಗರ್ಜಿಯನ್ನು ಕಂಡದ್ದೇ ಇಲ್ಲ. ಅಂಥವರನ್ನೂ ಕರೆದುಕೊಂಡು ಬಂದು ಮಂಗಳೂರಿನ ಸುತ್ತ ಮತ್ತೆ ಇಗರ್ಜಿ ಕಟ್ಟುವ ಬಯಕೆ ಬೇರೆ ಎಲ್ಲಿಂದ ಬಂದೀತು?

ಮುಂದಿನ ಶತಮಾನದ ಸಾಧನೆ ಸಂಸ್ಥೆಗಳದ್ದು ಎಂಬ ಮಾತಿಗೆ ನನ್ನ ತಕರಾರಿಲ್ಲ. 1878ರ ಕೊನೆಯ ದಿನ ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, ಅದೇ ವರ್ಷ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಔಷಧದ ಕೆಲಸ, 1887ರಲ್ಲಿ ಧರ್ಮಪ್ರಾಂತ್ಯ. ಆದರೆ ಇವೆಲ್ಲ ನೆಲೆಯೂರಿದ್ದು ಮೊದಲೇ ಇದ್ದ ಮನೆಗಳ ಮೇಲೆ. ಆ ಕಾಲೇಜಿಗೆ ಮಗನನ್ನು, ಕನ್ಯಾಮಠಕ್ಕೆ ಮಗಳನ್ನು ಕೊಟ್ಟದ್ದು ದಿನವೂ ತೇರ್ಸು ಹೇಳುವ ಮನೆ.

ಮನೆಯ ಧರ್ಮ ಎಂದಾಗ ಇನ್ನೊಂದು ಸಂದೇಹ ಏಳುತ್ತದೆ: ಹೀಗೆ ಉಳಿದದ್ದು ಕ್ರೈಸ್ತ ನಂಬಿಕೆಯೋ, ಹೆಸರು ಬದಲಿಸಿಕೊಂಡ ಊರ ಸಂಪ್ರದಾಯವೋ? ಹೊಸ ತೆನೆಯ ಹಬ್ಬವಾದ ಮೊಂತಿ ಫೆಸ್ತ್ ಇದಕ್ಕೆ ಸರಿಯಾದ ಉದಾಹರಣೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಪಾದ್ರಿ ಜೋಕಿಂ ಮಿರಾಂಡ 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳಿಕೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಎರಚುತ್ತಾರೆ. ಸೆಪ್ಟೆಂಬರ್ 8ರಂದು, ಆಕೆಯ ಹುಟ್ಟುಹಬ್ಬದ ದಿನ, ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ತೆನೆಯನ್ನು ಆಲ್ತಾರಿನ ಬಳಿ ಇಟ್ಟು ಪ್ರಾರ್ಥಿಸಿ, ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ಮೀನು ಮಾಂಸವಿಲ್ಲದ ಊಟ. ಪಲ್ಯಗಳು ಬೆಸ ಸಂಖ್ಯೆಯಲ್ಲಿರಬೇಕು. ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಕಳಿಸುವುದುಂಟು. ತುಳುವರ ಹೊಸಕ್ಕಿ ಊಟಕ್ಕೂ ಕೊಡವರ ಪುತ್ತರಿಗೂ ಇದರ ನಂಟು ಎದ್ದು ಕಾಣುತ್ತದೆ, ಅಲ್ಲಗಳೆಯುವ ಅಗತ್ಯವೂ ಇಲ್ಲ. ಮೊದಲ ಫಲವನ್ನು ದೇವರ ಮುಂದಿಟ್ಟು ಉಣ್ಣುವ ವಿಧಿ ಬೈಬಲಿನ ಹಳೆಯ ಒಡಂಬಡಿಕೆಯಲ್ಲೇ ಇದೆ. ಬೇಸಾಯಗಾರನ ಧರ್ಮ ಗದ್ದೆಯನ್ನು ಬಿಟ್ಟು ಇರಲಾರದು. ಅದೇ ತೆನೆಯನ್ನು ಯಾರ ಹೆಸರಿನಲ್ಲಿ ಎತ್ತಿಹಿಡಿಯುತ್ತೇವೆ ಎಂಬುದರಲ್ಲಿ ನಂಬಿಕೆಯ ಗುರುತಿದೆ. ನೆರೆಯವರ ಹಬ್ಬವನ್ನು ಹೋಲುವ ಹಬ್ಬವಿದ್ದದ್ದರಿಂದಲೇ ಈ ಮನೆಗಳು ತಮ್ಮ ನಂಬಿಕೆಯನ್ನು ನೆರೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ತೋರಿಸಲು ಸಾಧ್ಯವಾಯಿತು.

ನನಗೆ ನಿಜಕ್ಕೂ ಕಷ್ಟವಾಗುವ ಆಕ್ಷೇಪ ಬೇರೆಯದು. ಮನೆ ಕಾಪಾಡಿದ್ದು ಪ್ರಾರ್ಥನೆಯನ್ನು ಮಾತ್ರವಲ್ಲ, ಜಾತಿಯನ್ನೂ. ಬಾಮಣ್, ಚಾರೋಡಿ, ಶುದ್ರ್ ಎಂಬ ವಿಂಗಡಣೆ ಗೋವೆಯಿಂದ ಮನೆಮನೆಯ ಸಾಮಾನಿನ ಜೊತೆಯಲ್ಲೇ ಬಂತು. ಸೆರೆಯ ಸಂಕಟವೂ ಅದನ್ನು ಅಳಿಸಲಿಲ್ಲ, ಮದುವೆಯ ಮಾತು ಬಂದಾಗ ಶತಮಾನಗಳ ಕಾಲ ಅದೇ ಗೋಡೆ ನಿಂತಿತು. ಒಂದೇ ಜಪಮಾಲೆ ಹೇಳುವ ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ಮಾತು ಇಲ್ಲವೆಂದರೆ ಆ ಜಪಮಾಲೆಗೆ ಏನು ಬೆಲೆ? ಇದಕ್ಕೆ ನನ್ನ ವಾದದೊಳಗೆ ಸಮಾಧಾನವಿಲ್ಲ, ಒಂದು ತಿದ್ದುಪಡಿಯಷ್ಟೇ ಇದೆ. ರಕ್ತಸಂಬಂಧದ ಮನೆ ಒಂದೇ ಆಗಿದ್ದರೆ ಧರ್ಮ ಕುಲಾಚಾರವಾಗಿ ಮುದುಡುತ್ತಿತ್ತು. ಹಾಗಾಗದಂತೆ ತಡೆದ ಶಕ್ತಿ ಇದ್ದದ್ದು ವಾಡೊದಲ್ಲಿ, ಜಾತಿ ನೋಡದೆ ನೆಲದ ಲೆಕ್ಕದಲ್ಲಿ ಮನೆಗಳನ್ನು ಕೂಡಿಸುವ ಆ ಹಳೆಯ ಹಂಚಿಕೆಯಲ್ಲಿ. ಎರಡನೆಯ ವ್ಯಾಟಿಕನ್ ಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂಬ ಅರ್ಥದಲ್ಲಿ ಕರೆದು, 1965ರಲ್ಲಿ ಗೃಹಸ್ಥರ ಪ್ರೇಷಿತ ಸೇವೆಯ ಬಗ್ಗೆಯೇ ಒಂದು ಶಾಸನ ಹೊರಡಿಸಿದ ಮೇಲೆ, ಮಂಗಳೂರು ಧರ್ಮಪ್ರಾಂತ್ಯದ ವಾಡೊಗಳಲ್ಲಿ ಕಿರು ಕ್ರೈಸ್ತ ಸಮುದಾಯಗಳು ರೂಪುಗೊಂಡವು. ಗುರ್ಕಾರನೇ ಅವುಗಳ ಮುಂದಾಳು. ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಸೇರುತ್ತಾರೆ, ಬೈಬಲಿನ ಭಾಗವೊಂದನ್ನು ಓದುತ್ತಾರೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗುವಿನ ಶಾಲೆಯ ಫೀಸಿಗೆ ತೊಂದರೆ ಎಂದು ಮಾತಾಡಿಕೊಳ್ಳುತ್ತಾರೆ. ಅಜ್ಜನ ಕಾಲದಲ್ಲಿ ಆ ಹೊಸ್ತಿಲು ದಾಟದಿದ್ದವರ ಮೊಮ್ಮಕ್ಕಳೂ ಈಗ ಅಲ್ಲಿ ಕೂತು ತೇರ್ಸಿನ ಎರಡನೆಯ ಅರ್ಧ ಹೇಳುತ್ತಾರೆ. ಮದುವೆಯ ಗೋಡೆ ಇನ್ನೂ ಪೂರ್ತಿ ಬಿದ್ದಿಲ್ಲ.