ಟ್ರಾಲಿ ಕಟ್ಟಿದ ಮೇಲೆ ಟ್ರ್ಯಾಕ್ಟರ್ ಏನಾಗುತ್ತದೆ? ನಾರಾಯಣಖೇಡ್ ಗಡಿಯಿಂದ ಒಂದು ಕಾನೂನು ಚರಿತ್ರೆ

ಗಡಿ ಅಂದಕೂಡಲೇ ನಾವು ಭಾಷೆ, ಶಾಲೆ, ನೌಕರಿ ಇವುಗಳ ಮಾತನ್ನೇ ಎತ್ತುತ್ತೇವೆ. ನಾನು ಇವತ್ತು ಟ್ರ್ಯಾಕ್ಟರ್ ತಗೊಂಡು ಬಂದಿದ್ದೇನೆ. ವಿಷಯ ಸಣ್ಣದು ಅನ್ನಿಸಬಹುದು, ಸ್ವಲ್ಪ ತಾಳಿ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆಯಿತು. ಬೀದರ್ ಜಿಲ್ಲೆಯ ನಾರಾಯಣಖೇಡ್ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಆಂಧ್ರಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ ಹೋದವು. ಹೊಲ, ಸಂತೆ, ಬೀಗತನ ಮಾತ್ರ ಇದ್ದಲ್ಲೇ ಇದ್ದವು. ರಸ್ತೆಯ ಕಾನೂನೂ ಬದಲಾಗಲಿಲ್ಲ. ಯಾಕೆಂದರೆ 1939ರ ಮೋಟಾರು ವಾಹನ ಕಾಯ್ದೆ ಗೆರೆಯ ಎರಡೂ ಕಡೆ ಒಂದೇ. ಬೇರೆಯಾದದ್ದು ತೆರಿಗೆ ಮತ್ತು ಪರ್ಮಿಟ್ ಕೊಡುವ ಕಚೇರಿ.

ಈಗ ಕಾಯ್ದೆಯ ಒಳಗೆ ಹೋಗೋಣ. ಅದು ಟ್ರ್ಯಾಕ್ಟರನ್ನು ‘ತಾನೇ ಭಾರ ಹೊರಲು ಕಟ್ಟದ ವಾಹನ’ ಎಂದು ಹೇಳುತ್ತದೆ. ಓಡಲು ಬೇಕಾದ ಸಲಕರಣೆಗೆ ಮಾತ್ರ ವಿನಾಯಿತಿ. ಇದು ನಮ್ಮ ಹೊಲದಲ್ಲಿ ಹುಟ್ಟಿದ ಮಾತಲ್ಲ. ಬ್ರಿಟನ್ನಿನ 1930ರ ರಸ್ತೆ ಕಾಯ್ದೆಯಲ್ಲೂ ಇದೇ ಧಾಟಿ ಇದೆ. ಅಲ್ಲಿ ವಿನಾಯಿತಿಯ ಪಟ್ಟಿಯಲ್ಲಿ ನೀರು, ಇಂಧನ ಅಂತ ಬರುತ್ತದೆ. ಉಗಿಯಂತ್ರದ ಕಾಲದ ನೆನಪು! 1988ರ ಕಾಯ್ದೆ ಆ ವ್ಯಾಖ್ಯೆಯನ್ನು ಹಾಗೆಯೇ ಉಳಿಸಿಕೊಂಡಿತು. ಒಟ್ಟಿನಲ್ಲಿ ಕಾನೂನಿನ ಕಣ್ಣಿಗೆ ಟ್ರ್ಯಾಕ್ಟರ್ ಗಳೇದ ಎತ್ತಿದ್ದಂತೆ: ಎಳೆಯುತ್ತದೆ, ಹೊರುವುದಿಲ್ಲ. ಟ್ರಾಲಿ ಹೊರುತ್ತದೆ, ಆದರೆ ತಾನಾಗಿ ಓಡುವುದಿಲ್ಲ. ಎರಡರ ನಡುವೆ ಒಂದು ಪಿನ್ನು ಬಿದ್ದಾಗ ಏನಾಗುತ್ತದೆ? ಇಡೀ ತಕರಾರು ಆ ಪಿನ್ನಿನಲ್ಲಿದೆ.

1989ರ ಕೇಂದ್ರ ನಿಯಮಗಳು ಕೃಷಿ ಟ್ರ್ಯಾಕ್ಟರನ್ನು ಸಾಗಣೆ ವಾಹನ ಅಲ್ಲ ಎನ್ನುತ್ತವೆ. ಟ್ರೇಲರ್ ಕಟ್ಟಿ ಕೃಷಿ ಸಾಮಗ್ರಿ ಒಯ್ಯುವುದೂ ಅದರ ಕೆಲಸವೇ. ಸರಿ, ನನ್ನ ಹೊಲದ ತೊಗರಿ ನನ್ನ ಟ್ರಾಲಿಯಲ್ಲಿ ಹೋದರೆ ತೊಂದರೆ ಇಲ್ಲ. ಅದೇ ಟ್ರಾಲಿಯಲ್ಲಿ ಮಧ್ಯಾಹ್ನ ಇಟ್ಟಿಗೆ, ಮರಳು ಬಂದರೆ? ಕರ್ನಾಟಕದಿಂದ ಹೋದ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ನಾಗಶೆಟ್ಟಿ ಪ್ರಕರಣದಲ್ಲಿ (2001) ಸುಪ್ರೀಂ ಕೋರ್ಟ್, ಟ್ರೇಲರ್ ಕಟ್ಟಿದ ಮಾತ್ರಕ್ಕೆ ಚಾಲಕನ ಟ್ರ್ಯಾಕ್ಟರ್ ಲೈಸೆನ್ಸ್ ಕೆಲಸಕ್ಕೆ ಬಾರದ್ದಾಗುವುದಿಲ್ಲ ಎಂದಿತು. ನಟವರ್ ಪಾರಿಖ್ ಕಂಪನಿ ಪ್ರಕರಣದಲ್ಲಿ (2005) ಅದೇ ಕೋರ್ಟ್, ಸರಕು ಸಾಗಿಸುವ ಟ್ರ್ಯಾಕ್ಟರ್-ಟ್ರೇಲರ್ ಕೂಡಿ ಸರಕು ಸಾಗಣೆ ವಾಹನ ಎಂದಿತು. ಲೈಸೆನ್ಸಿನ ಪ್ರಶ್ನೆಗೆ ಪಿನ್ನು ಲೆಕ್ಕಕ್ಕಿಲ್ಲ, ಪರ್ಮಿಟ್ಟಿನ ಪ್ರಶ್ನೆಗೆ ಲೆಕ್ಕಕ್ಕಿದೆ. ಎರಡು ತೀರ್ಪುಗಳೂ ಅವುಗಳ ಮಟ್ಟಿಗೆ ಸರಿಯಾಗಿವೆ ಅಂತಲೇ ನನ್ನ ಅಭಿಪ್ರಾಯ. ಆದರೆ ಗಾಡಿ ಓಡಿಸುವವನಿಗೆ ಇದನ್ನು ಹೇಗೆ ಹೇಳುವುದು ನೋಡಿ.

ನಿಜವಾದ ಪೆಟ್ಟು ಬೀಳುವುದು ಟ್ರಾಲಿಯಲ್ಲಿ ಕೂತವರಿಗೆ. ಕಳೆ ತೆಗೆಯಲು, ಕಬ್ಬು ಕಡಿಯಲು ಹೋಗುವ ಹೆಣ್ಣುಮಕ್ಕಳು, ಜಾತ್ರೆ, ಮದುವೆಗೆ ಹೊರಟ ಮಂದಿ ಎಲ್ಲರೂ ಅದರಲ್ಲೇ. ಬ್ರಿಜ್ ಮೋಹನ್ ಪ್ರಕರಣದಲ್ಲಿ (2007) ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯುವ ಟ್ರಾಲಿಯಲ್ಲಿದ್ದ ಕೂಲಿಯವನಿಗೆ ಪೆಟ್ಟಾಗಿತ್ತು. ವಿಮೆ ಇದ್ದದ್ದು ಕೃಷಿ ಕೆಲಸದ ಟ್ರ್ಯಾಕ್ಟರಿಗೆ, ಟ್ರಾಲಿಗೆ ಇರಲಿಲ್ಲ. ಕಂಪನಿಗೆ ಹೊಣೆ ಇಲ್ಲ ಎಂದ ಕೋರ್ಟೇ, ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದಿತು. 142ನೇ ವಿಧಿ ಸುಪ್ರೀಂ ಕೋರ್ಟಿನ ಕೈಯಲ್ಲಿದೆ, ಕೆಳಗಿನ ನ್ಯಾಯಮಂಡಳಿಯ ಕೈಯಲ್ಲಿ ಇಲ್ಲ. ಎಷ್ಟು ಕೂಲಿಯವರು ದೆಹಲಿವರೆಗೆ ಹೋಗ್ತಾರೆ?

(ಚರ್ಚೆ)

ಪ್ರಶ್ನೆ: ಹಾಗಾದರೆ ಗಡಿ ಎಲ್ಲಿ ಬಂತು ಸರ್? ಇದು ಎಲ್ಲ ಊರಿನ ಕತೆಯೇ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ನಂಬರ್ ಪ್ಲೇಟಿನ ಮಟ್ಟಿಗೆ ಗಡಿ ಅಷ್ಟು ಮುಖ್ಯ ಅಲ್ಲ. ಮೆದಕ್ ಜಿಲ್ಲೆಯ ಕಾಲದ ಎಪಿ 23, ಸಂಗಾರೆಡ್ಡಿಯ ಟಿಎಸ್ 15, 2024ರಿಂದ ಟಿಜಿ, ಬೀದರಿನ ಕೆಎ 38, ಎಲ್ಲ ನೋಂದಣಿಯೂ ದೇಶದಾದ್ಯಂತ ನಡೆಯುತ್ತದೆ. 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇಟ್ಟರೆ ಮಾತ್ರ ಹೊಸ ನಂಬರ್. ಆದರೆ ‘ಸರಕು ವಾಹನ’ ಅಂತಾದ ಕ್ಷಣ ಗಡಿ ಎದ್ದು ನಿಲ್ಲುತ್ತದೆ. ಒಂದು ರಾಜ್ಯದ ಪರ್ಮಿಟ್ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ 88ನೇ ಕಲಮಿನ ಪ್ರಕಾರ ಅಲ್ಲಿಯ ಮೇಲುರುಜು ಬೇಕು. ನಾರಾಯಣಖೇಡಿನವನಿಗೆ ಬೀದರ್ ಪಕ್ಕದೂರು, ಕಾಗದಕ್ಕೆ ಮಾತ್ರ ಪರರಾಜ್ಯ.

ಇನ್ನೊಂದು ಮಾತು. 1988ರ ಕಾಯ್ದೆಯಲ್ಲಿ ಮೊದಲು, ಅಪಘಾತ ಆದ ಜಾಗದ ನ್ಯಾಯಮಂಡಳಿಗೇ ಅರ್ಜಿ ಹಾಕಬೇಕಿತ್ತು. ಬೀದರ್ ಜಿಲ್ಲೆಯ ರಸ್ತೆಯಲ್ಲಿ ಟ್ರಾಲಿ ಮಗುಚಿದರೆ ಖೇಡಿನ ಮನೆಯವರು ಅಲ್ಲಿಯ ಕೋರ್ಟಿಗೆ ಅಲೆಯಬೇಕು. 1994ರ ತಿದ್ದುಪಡಿ ಬಂದ ಮೇಲೆ ಅರ್ಜಿದಾರರು ತಾವು ವಾಸಿಸುವ ಕಡೆಯೂ ಹಾಕಬಹುದು. 2022ರ ಏಪ್ರಿಲ್‌ನಿಂದ ಮತ್ತೆ ಆರು ತಿಂಗಳ ಗಡುವು ಬಂದಿದೆ. ಕೈಕಾಲು ಮುರಿದು ಮಲಗಿದವರಿಗೆ ಆರು ತಿಂಗಳು ದೊಡ್ಡ ಅವಧಿ ಅಲ್ಲ. ಮುಂದಿನ ಪ್ರಶ್ನೆ ಯಾರದು?