ನಗರವೊಂದರ ಕ್ಯಾನ್ಸರ್ ಲೆಕ್ಕ

ಕ್ಯಾನ್ಸರ್ ಪಶ್ಚಿಮ ದೇಶಗಳ ರೋಗ, ನಮ್ಮ ದೇಶದಲ್ಲಿ ಅದು ವಿರಳ ಎಂಬ ಮಾತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೈದ್ಯರ ನಡುವೆಯೂ ಪ್ರಚಲಿತವಾಗಿತ್ತು. 1930ರ ದಶಕದಲ್ಲಿ ನಾಥ್ ಮತ್ತು ಗ್ರೇವಾಲ್ ಎಂಬ ಇಬ್ಬರು ವಿದ್ವಾಂಸರು ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿದ್ದ ಶವಪರೀಕ್ಷೆಯ ಹಾಗೂ ಅಂಗಾಂಶಪರೀಕ್ಷೆಯ ದಾಖಲೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ನಡುವಯಸ್ಸನ್ನೂ ಮುಪ್ಪನ್ನೂ ಮುಟ್ಟಿದವರಲ್ಲಿ ಈ ರೋಗ ಇಲ್ಲಿಯೂ ಸಾಮಾನ್ಯವೇ ಎಂಬುದು ಆಗ ತಿಳಿದುಬಂದಿತು. ಆದರೆ ಆ ವಯಸ್ಸನ್ನು ಮುಟ್ಟುವವರೇ ನಮ್ಮಲ್ಲಿ ಕಡಿಮೆಯಿದ್ದರು. ಮುಟ್ಟಿದವರ ರೋಗವನ್ನು ಗುರುತಿಸುವ ಅನುಕೂಲವೂ ಕಡಿಮೆಯಿತ್ತು. ರೋಗ ಇದ್ದೇ ಇತ್ತು, ಕೊರತೆಯಿದ್ದುದು ಲೆಕ್ಕದಲ್ಲಿ.

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಂದವರನ್ನು ಎಣಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಹೆಸರಾಂತ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅದೇ ಊರಿನ ಅನುಕೂಲಸ್ಥರು ಚಿಕಿತ್ಸೆಗೆಂದು ಬೇರೆ ಊರಿಗೆ ಹೋಗುತ್ತಾರೆ. ಬಡವರು ಎಷ್ಟೋ ಮಂದಿ ಯಾವ ಆಸ್ಪತ್ರೆಯನ್ನೂ ಕಾಣದೆ ಮನೆಯಲ್ಲಿಯೇ ಕಣ್ಣು ಮುಚ್ಚುತ್ತಾರೆ. ವರ್ಷಕ್ಕೆ ಸಾವಿರ ರೋಗಿಗಳು ಬಂದರು ಎಂದರೆ, ಎಷ್ಟು ಜನರ ಪೈಕಿ ಸಾವಿರ ಎಂಬ ಪ್ರಶ್ನೆಗೆ ಆಸ್ಪತ್ರೆಯ ಕಡತ ಉತ್ತರ ಹೇಳಲಾರದು. ಶಾಲೆಯ ಗಣಿತದ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಅಂಶವುಂಟು, ಛೇದವಿಲ್ಲ. ಆದುದರಿಂದ ಒಂದು ನಗರಕ್ಕೆ ಎಲ್ಲೆ ಗೊತ್ತುಮಾಡಿ, ಅದರೊಳಗೆ ವಾಸಿಸುವವರಲ್ಲಿ ಹೊಸದಾಗಿ ರೋಗ ಕಂಡುಬಂದ ಪ್ರತಿಯೊಬ್ಬರನ್ನೂ ಒಮ್ಮೆ, ಒಮ್ಮೆ ಮಾತ್ರ, ಬರೆದುಕೊಳ್ಳಬೇಕು. ಆ ಮೊತ್ತವನ್ನು ಖಾನೇಷುಮಾರಿಯ ಜನಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಊರಿನ ಇಡೀ ಜನಸಮುದಾಯವನ್ನು ಆಧರಿಸಿ ಇಡುವ ದಾಖಲೆಯೇ ಕ್ಯಾನ್ಸರ್ ನೋಂದಣಿ.

ಹೇಳುವುದು ಸುಲಭ, ಮಾಡುವುದು ಕಷ್ಟ. 1900ರ ಅಕ್ಟೋಬರಿನಲ್ಲಿ ಜರ್ಮನಿಯ ಎಲ್ಲ ವೈದ್ಯರಿಗೂ ಪ್ರಶ್ನಾವಳಿಯೊಂದನ್ನು ಕಳುಹಿಸಿ, ಅವರ ಚಿಕಿತ್ಸೆಯಲ್ಲಿದ್ದ ಕ್ಯಾನ್ಸರ್ ರೋಗಿಗಳ ವಿವರ ಕೇಳಲಾಯಿತು. ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉತ್ತರಗಳು ಬಂದವು. ಕಾಗದ ಕಳುಹಿಸಿ ಕುಳಿತರೆ ಲೆಕ್ಕ ಕೂಡಿಬರುವುದಿಲ್ಲ ಎಂಬ ಪಾಠ ಅದರಿಂದ ದೊರೆಯಿತು. ಅದೇ ದೇಶದ ಹ್ಯಾಂಬರ್ಗ್ ನಗರದಲ್ಲಿ 1926ರಲ್ಲಿ ಹಿಡಿದ ದಾರಿ ಬೇರೆ. ಅಲ್ಲಿ ಮೂವರು ದಾದಿಯರು ಗೊತ್ತಾದ ದಿನಗಳಲ್ಲಿ ಆಸ್ಪತ್ರೆಗಳಿಗೂ ವೈದ್ಯರ ಬಳಿಗೂ ತಾವೇ ಹೋಗಿ ಹೊಸ ರೋಗಿಗಳ ಹೆಸರು ಬರೆದು ತರುತ್ತಿದ್ದರು. ಆರೋಗ್ಯ ಇಲಾಖೆಯಲ್ಲಿ ಆ ಚೀಟಿಗಳನ್ನು ವಾರಕ್ಕೊಮ್ಮೆ ಮರಣಪತ್ರಗಳೊಡನೆ ತಾಳೆ ನೋಡುತ್ತಿದ್ದರು. ಬದುಕಿದ್ದಾಗ ಲೆಕ್ಕಕ್ಕೆ ಸಿಗದವರು ಸತ್ತ ಮೇಲಾದರೂ ಸಿಗುತ್ತಿದ್ದರು. 1942ರಲ್ಲಿ ಡೆನ್ಮಾರ್ಕ್ ಇಡೀ ದೇಶಕ್ಕೇ ಇಂಥ ನೋಂದಣಿಯನ್ನು ತೊಡಗಿಸಿತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ನಗರ ಮುಂಬಯಿ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಅಂಗವಾಗಿ, ಡಾ. ಡಿ. ಜೆ. ಜಸ್ಸಾವಾಲಾ ಅವರ ನೇತೃತ್ವದಲ್ಲಿ, 1963ರ ಜೂನ್ ತಿಂಗಳಿನಲ್ಲಿ ಅಲ್ಲಿ ನೋಂದಣಿ ಆರಂಭವಾಯಿತು. 1961ರ ಖಾನೇಷುಮಾರಿಯಂತೆ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು 41 ಲಕ್ಷ 52 ಸಾವಿರ. ಕ್ಯಾನ್ಸರ್ ರೋಗಿಗಳ ವಿವರವನ್ನು ಸರಕಾರಕ್ಕೆ ತಿಳಿಸಲೇಬೇಕೆಂಬ ನಿರ್ಬಂಧ ಆಗ ವೈದ್ಯರಿಗಿರಲಿಲ್ಲ. ಆದಕಾರಣ ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆಯಿಂದ ಆಸ್ಪತ್ರೆಗೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲೆಯಬೇಕಾಯಿತು. ಪುರಸಭೆಯ ಮರಣದಾಖಲೆಗಳನ್ನೂ ತಿರುವಿಹಾಕಬೇಕಾಯಿತು.

ಈ ದುಡಿಮೆಯಲ್ಲಿ ವೀರಗಾಥೆಯೇನೂ ಇಲ್ಲ. ಇರುವುದು ಗುಮಾಸ್ತೆಯ ತಾಳ್ಮೆ. ಒಬ್ಬನೇ ರೋಗಿ ಮೂರು ಆಸ್ಪತ್ರೆಗಳಿಗೆ ಹೋದರೆ ಮೂರು ಚೀಟಿಗಳಾಗುತ್ತವೆ. ಒಂದರಲ್ಲಿ ತಂದೆಯ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತದೆ. ಒಂದು ಕಡೆ ವಯಸ್ಸು ಐವತ್ತು, ಮತ್ತೊಂದು ಕಡೆ ಐವತ್ತೈದು. ಹೊರ ಊರಿನವರು ನೆಂಟರ ಮನೆಯ ವಿಳಾಸ ಕೊಟ್ಟಿರುತ್ತಾರೆ. ಅವರನ್ನು ನಗರದ ಲೆಕ್ಕಕ್ಕೆ ಸೇರಿಸಿದರೆ ಅಂಶ ಉಬ್ಬುತ್ತದೆ, ಛೇದ ಇದ್ದಷ್ಟೇ ಇರುತ್ತದೆ. ಆದುದರಿಂದಲೇ ನಮ್ಮ ನೋಂದಣಿಗಳಲ್ಲಿ ಆ ಊರಿನಲ್ಲಿ ಕನಿಷ್ಠ ಒಂದು ವರ್ಷ ನೆಲೆಸಿದವರನ್ನು ಮಾತ್ರ ನಿವಾಸಿಗಳೆಂದು ಎಣಿಸುವ ನಿಯಮವಿದೆ. ಒಂದು ಹೆಸರು ಎರಡು ಬಾರಿ ಬಂದರೂ ತಪ್ಪು, ಒಂದು ಹೆಸರು ಬಿಟ್ಟುಹೋದರೂ ತಪ್ಪು.

ಬೆಂಗಳೂರಿನ ಸರದಿ ಬಂದುದು ಎರಡು ದಶಕಗಳ ತರುವಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1981ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಅದರಂತೆ 1982ರ ಜನವರಿ 1ರಿಂದ ಮುಂಬಯಿ, ಮದರಾಸು, ಬೆಂಗಳೂರು ಈ ಮೂರು ನಗರಗಳಲ್ಲಿ ಒಂದೇ ಕ್ರಮದಲ್ಲಿ ಲೆಕ್ಕ ಸಾಗತೊಡಗಿತು. ಬೆಂಗಳೂರಿನಲ್ಲಿ ಈ ಹೊಣೆ ಹೊತ್ತದ್ದು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. 1981ರ ಗಣತಿಯಂತೆ ನಗರದಲ್ಲಿಯೂ ಅದಕ್ಕೆ ಹತ್ತಿಕೊಂಡ ಬಡಾವಣೆಗಳಲ್ಲಿಯೂ ಇದ್ದವರು ಸುಮಾರು 29 ಲಕ್ಷ 20 ಸಾವಿರ ಮಂದಿ.

ಇಷ್ಟೆಲ್ಲ ಶ್ರಮದಿಂದ ದೊರೆತ ಫಲವೇನು? ಮುಂಬಯಿಯ ಅಂಕಿಗಳಲ್ಲಿ ಪಾರ್ಸಿ ಜನರ ಲೆಕ್ಕ ಉಳಿದವರ ಲೆಕ್ಕಕ್ಕಿಂತ ಭಿನ್ನವಾಗಿತ್ತು. ಬೆಂಕಿಯನ್ನು ಪವಿತ್ರವೆಂದು ಭಾವಿಸಿ ಧೂಮಪಾನದಿಂದ ದೂರವಿರುವ ಸಂಪ್ರದಾಯ ಅವರದು. ಹೊಗೆಸೊಪ್ಪಿನಿಂದ ಬರುವ ಕ್ಯಾನ್ಸರುಗಳು ಅವರಲ್ಲಿ ಕಡಿಮೆ ಕಂಡವು. ಅವರ ಹೆಂಗಸರಲ್ಲಿ ಮಾತ್ರ ಸ್ತನದ ಕ್ಯಾನ್ಸರ್ ಹೆಚ್ಚಾಗಿತ್ತು. ಒಂದೇ ನಗರದ ಗಾಳಿ, ಒಂದೇ ನೀರು; ಆದರೂ ನಡೆನುಡಿ ಬೇರೆಯಾದಂತೆ ರೋಗವೂ ಬೇರೆಯಾಗುತ್ತದೆ ಎಂಬುದನ್ನು ಈ ಅಂಕಿಗಳು ಎತ್ತಿ ತೋರಿಸಿದವು. ಬೆಂಗಳೂರಿನ ಹೆಂಗಸರಲ್ಲಿ 1980ರ ದಶಕದಲ್ಲಿ ಎಲ್ಲಕ್ಕಿಂತ ಮುಂದಿದ್ದುದು ಗರ್ಭಕೊರಳಿನ ಕ್ಯಾನ್ಸರ್. ವರ್ಷ ಕಳೆದಂತೆ ಅದು ಇಳಿಯುತ್ತ ಬಂದಿತು, ಸ್ತನದ ಕ್ಯಾನ್ಸರ್ ಏರುತ್ತ ಬಂದು ಅದನ್ನು ಹಿಂದೆ ಹಾಕಿತು. ಒಂದು ತಲೆಮಾರಿನ ಅವಧಿಯಲ್ಲಿ ನಡೆದ ಈ ಪಲ್ಲಟ ಯಾವ ಒಬ್ಬ ವೈದ್ಯನ ಅನುಭವಕ್ಕೂ ಪೂರ್ಣವಾಗಿ ನಿಲುಕುವಂಥದಲ್ಲ. ಚಿಕಿತ್ಸೆಯ ಹಣವನ್ನು ಎಲ್ಲಿ ತೊಡಗಿಸಬೇಕು, ಯಾವ ವಯಸ್ಸಿನವರನ್ನು ತಪಾಸಣೆಗೆ ಕರೆಯಬೇಕು ಎಂಬುದಕ್ಕೆ ಇಂಥ ಲೆಕ್ಕವೇ ಆಧಾರ. ಲೆಕ್ಕವಿಲ್ಲದ ಊರಿನಲ್ಲಿ ಹಣ ಹೋಗುವುದು ಗಟ್ಟಿಯಾಗಿ ಕೇಳಿದವರ ಕಡೆಗೆ.

ಲೆಕ್ಕ ಕೇಳಲು ಹೋದವರ ಮಾತು ಕೂಡ ಔಷಧವಾಗಬಲ್ಲದು. ನಗರಗಳ ಅನುಭವವನ್ನು ಹಳ್ಳಿಗೆ ಒಯ್ದು 1987ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನೋಂದಣಿ ತೆರೆದರು. ಆಸ್ಪತ್ರೆಯ ಮುಖ ಕಾಣದ ಜನರ ಬಳಿಗೆ ಸಿಬ್ಬಂದಿಯೇ ಹೋಗಿ, ರೋಗದ ಚಿಹ್ನೆಗಳನ್ನು ತಿಳಿಹೇಳುತ್ತ ವಿಚಾರಿಸುತ್ತಿದ್ದರು. ಕೆಲವು ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸರು ಮೊದಲಿಗಿಂತ ಬೇಗನೆ, ರೋಗ ಇನ್ನೂ ಬಲಿಯುವ ಮುನ್ನವೇ, ಚಿಕಿತ್ಸೆಗೆ ಬರತೊಡಗಿದರು.

ಇಂದು ದೇಶದ ಹಲವು ಕಡೆ ಇಂಥ ನೋಂದಣಿಗಳಿವೆ. ಅವುಗಳ ವರದಿಗಳೆಲ್ಲ ಬಂದು ಸೇರುವ ರಾಷ್ಟ್ರೀಯ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಆದರೂ ಅವು ಆವರಿಸಿರುವುದು ಜನಸಂಖ್ಯೆಯ ಅಲ್ಪಭಾಗವನ್ನು ಮಾತ್ರ. ನಮ್ಮ ಮನೆಗಳಲ್ಲಿ ಈ ರೋಗದ ಹೆಸರನ್ನು ಮೆಲುದನಿಯಲ್ಲಿ ಹೇಳುವುದು, ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಮುಚ್ಚಿಡುವುದು ಇನ್ನೂ ಉಂಟು. ನೋಂದಣಿಯವರು ಹೆಸರು ಬರೆದುಕೊಳ್ಳುವುದು ಒಬ್ಬರನ್ನೇ ಎರಡು ಸಲ ಎಣಿಸದಿರಲೆಂದು. ಅಚ್ಚಾಗುವ ವರದಿಯಲ್ಲಿ ಅಂಕಿಗಳಲ್ಲದೆ ಯಾರ ಹೆಸರೂ ಇರುವುದಿಲ್ಲ. ಆಸ್ಪತ್ರೆಯ ಮೇಜಿನಲ್ಲಿ ವಯಸ್ಸು, ವಿಳಾಸ, ಎಷ್ಟು ವರ್ಷದಿಂದ ವಾಸ ಎಂದು ಕೇಳಿದಾಗ ನಿಜವನ್ನೇ ಹೇಳುವುದು, ಮರಣಪತ್ರದಲ್ಲಿ ಸಾವಿನ ಕಾರಣವನ್ನು ಸರಿಯಾಗಿ ಬರೆಸುವುದು, ಇವು ಸಣ್ಣ ಕೆಲಸಗಳು. ಆದರೆ ಮುಂದಿನವರಿಗೆ ನಾವು ಬಿಟ್ಟುಹೋಗುವ ಲೆಕ್ಕ ಸರಿಯಾಗಿರಬೇಕಾದರೆ ಅದು ಈ ಸಣ್ಣ ಕೆಲಸಗಳಿಂದಲೇ ಆಗಬೇಕು.